ನಾಳೆ ಮಾಸ್ಟ್ರ ಎರಡು ಬಲಗಣ್ಣು

ಆ ಬೀದಿಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ನಾಳೆ ಮಾಸ್ಟ್ರು ಎಂದೇ. ಕೈಯೇನೋ ಬಂಗಾರದಂಥದ್ದು, ಅವರು ಹೊಲಿದ ಪ್ಯಾಂಟು ಹಾಕಿಕೊಂಡರೆ ಎಂಥಾ ಡೊಳ್ಳುಹೊಟ್ಟೆಯವನೂ ಮನುಷ್ಯನ ಹಾಗೆ ಕಾಣುತ್ತಿದ್ದ. ಆದರೆ ಬಾಯಿ ಮಾತ್ರ ಒಂದೇ ಪಾಠ ಕಲಿತಿತ್ತು. ಅಂಗಿ ಆಯ್ತಾ ಮಾಸ್ಟ್ರೇ? ನಾಳೆ. ಕೋಟು? ನಾಳೆ. ಜಿಪ್ಪು ಹಾಕೋದು ಒಂದೇ ಬಾಕಿ ಅಂದಿದ್ರಲ್ಲ? ಹೌದು ಹೌದು, ನಾಳೆ. ಬೈದುಕೊಂಡು ಹೋದವರು ಮುಂದಿನ ಬಟ್ಟೆಯನ್ನೂ ಅಲ್ಲಿಗೇ ತರುತ್ತಿದ್ದರು, ಯಾಕೆಂದರೆ ಅಂಥ ಕಣ್ಣಳತೆ ಇನ್ನೊಬ್ಬರಿಗಿರಲಿಲ್ಲ. ಮೆಟ್ಟಿಲು ಹತ್ತಿ ಬರುವವನ ಸೊಂಟದ ಅಳತೆಯನ್ನು ಅವನು ಕೂರುವ ಮೊದಲೇ ಹೇಳಿಬಿಡುತ್ತಿದ್ದರು. ಟೇಪು ಹಿಡಿದು ನೋಡಿದರೆ ಕಾಲಿಂಚೂ ಆಚೀಚೆ ಆಗುತ್ತಿರಲಿಲ್ಲ.

ಅಂಥ ಮಾಸ್ಟ್ರ ಅಂಗಡಿಯಲ್ಲಿ ಎಂಟು ತಿಂಗಳಿಂದ ಒಂದು ವಿಚಿತ್ರ ನಡೆದಿತ್ತು. ಸೀಮೆಸುಣ್ಣದಲ್ಲಿ ಎಳೆದ ಗೆರೆ ಬಾಗತೊಡಗಿತ್ತು.

ಮಾಸ್ಟ್ರಿಗೆ ಒಂದು ಅಭ್ಯಾಸ. ಗೆರೆ ಎಳೆದ ಮೇಲೆ ಬಲಗಣ್ಣು ಮುಚ್ಚಿ, ತಲೆ ವಾಲಿಸಿ, ಎಡಗಣ್ಣೊಂದರಲ್ಲೇ ಗೆರೆಯ ಉದ್ದಕ್ಕೂ ನೋಡುವುದು. ಗುರುಗಳು ಕಲಿಸಿದ್ದು, ನಲವತ್ತು ವರ್ಷದಿಂದ ಬಿಟ್ಟಿಲ್ಲ. ಹಾಗೆ ನೋಡಿದಾಗ ಗೆರೆ ನಡುವಿನಲ್ಲಿ ಒಂದು ಕಡೆ ಹೊಟ್ಟೆ ಬಿಟ್ಟುಕೊಂಡು ಕಾಣುತ್ತಿತ್ತು. ಮೊದಲು ಬೈಗುಳ ಬಿದ್ದದ್ದು ಅಳತೆಪಟ್ಟಿಗೆ. ಒಂದರ ಹಿಂದೊಂದು ಮೂರು ಹೊಸ ಪಟ್ಟಿ ಬಂದವು, ಮೂರೂ ಡೊಂಕು! ಆಮೇಲೆ ಮೇಜಿನ ಸರದಿ. ಕಾಲಿಗೆ ರಟ್ಟು ಕೊಟ್ಟರು, ಬಡಗಿಯನ್ನು ಕರೆಸಿ ಅವನ ವಂಶವನ್ನೆಲ್ಲ ಜಾಲಾಡಿದರು. ಪಾಪ, ಬಡಗಿ ನೀರುಮಟ್ಟ ಇಟ್ಟು ತೋರಿಸಿ, ಕೈಮುಗಿದು ಹೋದ. ಕೊನೆಗೆ ಮಾಸ್ಟ್ರು ತಾವೇ ಒಂದು ದಾರಿ ಕಂಡುಕೊಂಡರು. ಡೊಂಕು ಕಂಡ ಕಡೆ ಗೆರೆಯನ್ನು ಒಂಚೂರು ತಿದ್ದಿ, ತಮ್ಮ ಕಣ್ಣಿಗೆ ನೆಟ್ಟಗೆ ಕಾಣುವ ಹಾಗೆ ಮಾಡಿ, ಆಮೇಲೆ ಕತ್ತರಿ ಹಾಕುವುದು.

ಹೀಗೆ ತಿದ್ದಿ ಕತ್ತರಿಸಿದ ಮೊದಲ ಪ್ಯಾಂಟು ಶಾಲೆಯ ಡ್ರಿಲ್ ಮೇಷ್ಟ್ರದ್ದು. ಎರಡೂ ಕಾಲಿನ ಪಕ್ಕಕ್ಕೆ ಉದ್ದಕ್ಕೆ ಬಿಳಿ ಪಟ್ಟಿ ಬೇರೆ. ಅವರು ಮೈದಾನಕ್ಕೆ ಬಂದು ‘ಸಾವಧಾನ್’ ಅಂದದ್ದೇ ತಡ, ಇನ್ನೂರು ಮಕ್ಕಳು ಕಿಸಕ್ಕೆಂದವು. ಪಟ್ಟಿ ಮಂಡಿಯ ಹತ್ತಿರ ಬಂದು, ಯಾವುದೋ ಕಲ್ಲನ್ನು ಬಳಸಿಕೊಂಡು ಹೋಗುವ ಕಾಲುದಾರಿಯ ಹಾಗೆ ಪಕ್ಕಕ್ಕೆ ಸರಿದು, ಮತ್ತೆ ದಾರಿಗೆ ಬಂದಿತ್ತು. ಡ್ರಿಲ್ ಮೇಷ್ಟ್ರು ಅದೇ ಪ್ಯಾಂಟಿನಲ್ಲಿ ಅಂಗಡಿಗೆ ಬಂದು ನಿಂತಾಗ ಮಾಸ್ಟ್ರು ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದರು.

"ನಿಮ್ಮ ಮಂಡೀನೇ ಹಾಗಿದೆ" ಎಂದರು ಆಮೇಲೆ. ನಾಚಿಕೆಗೆಟ್ಟ ಮಾತು. ಮಾಸ್ಟ್ರಿಗೂ ಅದು ಗೊತ್ತಿತ್ತು.

ಅವತ್ತು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಒಂದು ಪರೀಕ್ಷೆ ಮಾಡಿಕೊಂಡರು. ಎಡಗಣ್ಣು ಮುಚ್ಚಿ ಬಾಗಿಲ ಚೌಕಟ್ಟು ನೋಡಿದರು, ನೆಟ್ಟಗಿತ್ತು. ಬಲಗಣ್ಣು ಮುಚ್ಚಿ ನೋಡಿದರು. ಯಾರೋ ಚೌಕಟ್ಟಿನ ನಡುವಿಗೆ ಗುದ್ದಿದ ಹಾಗಿತ್ತು. ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಕಾಜಾ ಹಾಕಿ ಮುಗಿಸಿದ ಅಂಗಿ ಹಿಡಿದು ಬಂದರು. ಎಡಗಣ್ಣಿಗೆ ಅವರ ಮೂಗು ಒಂದು ಪಕ್ಕಕ್ಕೆ ಜಾರಿ ಕೆನ್ನೆಯಲ್ಲಿ ಕೂತಿತ್ತು. ಆ ಮಾತನ್ನು ಹೆಂಡತಿಗೆ ಹೇಳದಿರುವಷ್ಟು ಬುದ್ಧಿ ಮಾಸ್ಟ್ರಿಗೆ ಇತ್ತು. ಸಕ್ಕರೆ ಕಾಯಿಲೆ ಹಿಡಿದು ಹದಿನಾಲ್ಕು ವರ್ಷ. ಇದು ಮೇಜಿನ ತಪ್ಪಲ್ಲ, ಪಟ್ಟಿಯ ತಪ್ಪಲ್ಲ, ಕಣ್ಣೇ ಕೈಕೊಡುತ್ತಿದೆ ಎಂದು ಆ ಕ್ಷಣ ಗೊತ್ತಾಗಿಹೋಯಿತು. ಕಣ್ಣಳತೆ ಹೋದ ದರ್ಜಿಯನ್ನು ಯಾರು ಕೇಳುತ್ತಾರೆ?

ಗೊತ್ತಾದ ಮೇಲೆ ನೆಟ್ಟಗೆ ಕಣ್ಣಾಸ್ಪತ್ರೆಗೆ ಹೋಗಬೇಕಿತ್ತು ತಾನೇ? ಹೋಗಲಿಲ್ಲ. ಅದಕ್ಕೊಂದು ಕಾರಣವಿತ್ತು, ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಹೆಂಡತಿಯ ತಂಗಿ, ಅಂದರೆ ಮಾಸ್ಟ್ರ ನಾದಿನಿ, ಎರಡು ಬೀದಿ ಆಚೆಯ ಕಣ್ಣಾಸ್ಪತ್ರೆಯಲ್ಲಿ ಕಣ್ಣಿನ ಒಳಗಿನ ಫೋಟೋ ತೆಗೆಯುವ ಕೆಲಸದವಳು. ಮಹಾ ಮಾತುಗಾತಿ. ಒಂದು ವರ್ಷದ ಹಿಂದೆ ಊಟಕ್ಕೆ ಕೂತಾಗ, ಕಣ್ಣಿನ ಹಿಂದಿನ ಪರದೆ ಬಾತರೆ ಏನು ಮಾಡುತ್ತಾರೆ ಎಂದು ಅಕ್ಕನಿಗೆ ವರ್ಣಿಸಿದ್ದಳು. "ಕಣ್ಣೊಳಗೇ ಇಂಜೆಕ್ಷನ್ ಅಕ್ಕಾ. ಮೂವತ್ತನೇ ನಂಬರ್ ಸೂಜಿ. ಚುಕ್ ಅಂತ ಹೋಗುತ್ತೆ, ಬರುತ್ತೆ."

ಮಾಸ್ಟ್ರ ಕೈಯ ತುತ್ತು ಕೈಯಲ್ಲೇ ಉಳಿದಿತ್ತು. ಹೊಲಿಗೆ ಯಂತ್ರದ ಸೂಜಿ ಅವರಿಗೆ ಗೊತ್ತಿಲ್ಲವೇ? ತೆಳು ರೇಷ್ಮೆಗೆ ಒಂಬತ್ತನೇ ನಂಬರ್. ಅಂಗಿ ಬಟ್ಟೆಗೆ ಹನ್ನೊಂದು, ಹದಿನಾಲ್ಕು. ಜೀನ್ಸಿಗೆ ಹದಿನಾರು. ಲಾರಿಗೆ ಹೊದಿಸುವ ಟಾರ್ಪಾಲಿಗೆ ಇಪ್ಪತ್ತೊಂದು. ಹಾಗಾದರೆ ಮೂವತ್ತು ಎಂದರೆ? ಮೊಳೆಯೇ ಇರಬೇಕು! ಅದನ್ನು ಮನುಷ್ಯರ ಕಣ್ಣಿಗೆ ಇಳಿಸುತ್ತಾರೆ, ಇವಳು ನಗುತ್ತಾ ಹೇಳುತ್ತಾಳೆ! ಅವತ್ತಿನಿಂದ ಆ ಆಸ್ಪತ್ರೆಯ ಬೋರ್ಡು ಕಂಡರೆ ಮಾಸ್ಟ್ರು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ನಲವತ್ತು ವರ್ಷ ಸೂಜಿ ಹಿಡಿದವನಿಗೆ ಸೂಜಿ ಕಂಡರೆ ಭಯ ಎಂದರೆ ಬೀದಿಯೆಲ್ಲ ಬಿದ್ದು ಬಿದ್ದು ನಗುವುದಿಲ್ಲವೇ?

ಆದರೆ ಹೆಂಡತಿಯ ಕಣ್ಣಿಗೆ ಮಣ್ಣೆರಚುವುದು ಸುಲಭವಾಗಿರಲಿಲ್ಲ. ಡ್ರಿಲ್ ಮೇಷ್ಟ್ರ ಪ್ಯಾಂಟನ್ನು ಬಿಚ್ಚಿ ಮತ್ತೆ ಹೊಲಿದದ್ದು ಅವರೇ. ಹೊಲಿಯುತ್ತಾ ಹೊಲಿಯುತ್ತಾ ಗಂಡನ ಕಡೆ ಎರಡು ಸಲ ನೋಡಿದರು.

"ರೀ, ಗುರುವಾರ ಕಣ್ಣು ತೋರಿಸೋಕೆ ಹೋಗ್ತಿದ್ದೀವಿ."

"ನಾಳೆ ನೋಡೋಣ ಬಿಡೇ."

"ನಿಮ್ಮ ನಾಳೆ ಗಿರಾಕಿಗಳಿಗೆ ಇಟ್ಕೊಳ್ಳಿ. ಗುರುವಾರ ಅಂದ್ರೆ ಗುರುವಾರ."

ಇನ್ನು ಉಳಿದದ್ದು ಒಂದೇ ದಾರಿ. ಮಾಸ್ಟ್ರು ಅವತ್ತು ಸಂಜೆಯೇ ನಾದಿನಿಯನ್ನು ಅಂಗಡಿಗೆ ಕರೆಸಿಕೊಂಡು, ಬಾಗಿಲ ಪರದೆ ಎಳೆದು, ದನಿ ತಗ್ಗಿಸಿದರು.

"ನೋಡು ಪುಟ್ಟಿ, ನನ್ನ ಬಲಗಣ್ಣು ಗಟ್ಟಿಮುಟ್ಟಾಗಿದೆ. ಫೋಟೋ ತೆಗೆಯೋವಾಗ ನೀನು ಅದನ್ನೇ ಎರಡು ಸಲ ತೆಗೆದುಬಿಡು. ಯಾರಿಗೂ ಗೊತ್ತಾಗಲ್ಲ."

ನಲವತ್ತು ದಾಟಿದ ಪುಟ್ಟಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಎಡಗಣ್ಣಿಗೆ ಏನಾಗಿದೆ ಭಾವ?"

"ಏನೂ ಆಗಿಲ್ಲ. ಸ್ವಲ್ಪ ಧೂಳು. ಸುಮ್ನೆ ನಿಮ್ಮಕ್ಕನಿಗೆ ಯಾಕೆ ಗಾಬರಿ ಅಂತ."

"ಫೋಟೋ ನೋಡೋದು ಈಗ ಡಾಕ್ಟ್ರು ಒಬ್ರೇ ಅಲ್ಲ, ಅತ್ತೆಮ್ಮನೂ ನೋಡ್ತಾರೆ."

ಅತ್ತೆಮ್ಮ ಎಂದರೆ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಕಂಪ್ಯೂಟರು. ಏನೊಂದೂ ಕಣ್ತಪ್ಪಿಸಿ ಹೋಗುವುದಿಲ್ಲವಾದ್ದರಿಂದ ಅಲ್ಲಿನ ಹೆಂಗಸರು ಇಟ್ಟ ಹೆಸರು. ಅದಕ್ಕೆ ಯಾರೂ ಕೂತು ನಿಯಮ ಹೇಳಿಕೊಟ್ಟಿಲ್ಲವಂತೆ. ಲಕ್ಷಗಟ್ಟಲೆ ಕಣ್ಣಿನ ಫೋಟೋಗಳನ್ನು ಮುಂದಿಟ್ಟು, ಇದು ರೋಗದ ಕಣ್ಣು, ಇದು ಚೆನ್ನಾಗಿರುವ ಕಣ್ಣು, ಇದರಲ್ಲಿ ರಕ್ತ ಒಸರಿದೆ, ಇದರಲ್ಲಿ ನೀರು ತುಂಬಿದೆ ಎಂದು ಹೇಳುತ್ತಾ ಹೋದರಂತೆ. ನೋಡಿ ನೋಡಿ ಅದೇ ಕಲಿತುಕೊಂಡಿತಂತೆ.

"ನೋಡಿ ಕಲಿಯೋದು ನನಗೆ ಹೇಳ್ಕೊಡ್ತೀಯಾ?" ಎಂದರು ಮಾಸ್ಟ್ರು. "ನಾನು ಗುರುಗಳ ಪಕ್ಕ ಆರು ವರ್ಷ ಬರೀ ನೋಡಿದೀನಿ. ನಿನ್ನ ಅತ್ತೆಮ್ಮನಿಗೆ ಕಾಣೋದು ನಾವು ತೋರಿಸಿದ್ದು ಮಾತ್ರ. ಒಳ್ಳೇ ಕಣ್ಣು ತೋರಿಸಿದ್ರೆ ಒಳ್ಳೇ ಕಣ್ಣು ಅನ್ನುತ್ತೆ."

ನಾದಿನಿ ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. ಆಮೇಲೆ ಕಪಾಟಿನ ಮೇಲಿನ ಗಂಟಿನ ಕಡೆ ಬೆರಳು ತೋರಿಸಿದಳು. ಆಸ್ಪತ್ರೆಯಲ್ಲಿ ಹಾಕಿಕೊಳ್ಳುವ ಬಿಳಿ ಕೋಟಿಗೆಂದು ಅವಳು ಬಟ್ಟೆ ಕೊಟ್ಟು ಎರಡು ವರ್ಷ ಮೂರು ತಿಂಗಳಾಗಿತ್ತು.

"ನನ್ನ ಕೋಟು. ಬುಧವಾರ ಸಂಜೆ ಕೈಯಲ್ಲಿರಬೇಕು. ಅದು ಬಂದ್ರೆ ಇದು."

"ಸ್ವಂತ ಭಾವನ ಹತ್ರ ವ್ಯಾಪಾರಾನೇನೇ?"

"ಸ್ವಂತ ಭಾವ ಅಂತಾನೇ ಎರಡು ವರ್ಷ ಕಾದಿದ್ದು."

ಮಾಸ್ಟ್ರು ಜೀವಮಾನದಲ್ಲಿ ಮೊದಲ ಸಲ ಹೇಳಿದ ದಿನಕ್ಕೆ ಬಟ್ಟೆ ಮುಗಿಸಿದರು. ಹೆಂಡತಿಗೆ ಸುಳಿವು ಸಿಗಬಾರದೆಂದು ಕಾಜಾ, ಗುಂಡಿ ಎಲ್ಲ ತಾವೇ ಹಾಕಿದರು. ಗುಂಡಿಗಳ ಸಾಲನ್ನು ನಲವತ್ತು ವರ್ಷದ ಅಭ್ಯಾಸಬಲದಿಂದ ಎಡಗಣ್ಣಲ್ಲೇ ನಾಲ್ಕು ಸಲ ನೋಡಿ, ತಿದ್ದಿ, ಮತ್ತೆ ನೋಡಿ, ನೆಟ್ಟಗಿದೆ ಎಂದು ಖಾತ್ರಿ ಮಾಡಿಕೊಂಡರು.

ಬುಧವಾರ ನಾದಿನಿ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಳು. ಮೊದಲ ಗುಂಡಿ ಹಾಕಿದಳು, ಎರಡನೆಯದು ಹಾಕಿದಳು, ಮೂರನೆಯದರ ಹತ್ತಿರ ಕೈ ನಿಂತಿತು. ಬೆರಳನ್ನು ಮೇಲಿನಿಂದ ಕೆಳಗಿನವರೆಗೆ ಮೆಲ್ಲಗೆ ಎಳೆದಳು. ಮಾಸ್ಟ್ರು ಅವಳ ಚೇಷ್ಟೆಯ ಮಾತಿಗೆ ಕಾದರು. ಎರಡು ವರ್ಷದ ಬಾಕಿ ಬೈಗುಳವಾದರೂ ಬರಬೇಕಿತ್ತು.

"ಚೆನ್ನಾಗಿದೆ ಭಾವ" ಎಂದಳು, ಅಷ್ಟೇ. ಕೋಟು ಬಿಚ್ಚದೆ ಹಾಗೇ ಹೊರಟುಹೋದಳು. ಇವಳಿಗೇನಾಯಿತು ಇವತ್ತು ಎಂದುಕೊಂಡರು ಮಾಸ್ಟ್ರು.

ಗುರುವಾರ ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಬಿಟ್ಟು ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿದರು. ಪಾಪೆ ಅಗಲವಾಗಿ ಲೋಕವೆಲ್ಲ ಮಂಜಾಯಿತು. ಹೆಂಡತಿಯನ್ನು ಬೆಂಚಿನಲ್ಲೇ ಬಿಟ್ಟು ಮಾಸ್ಟ್ರು ಕತ್ತಲೆ ಕೋಣೆಗೆ ಹೋದರು. ಯಂತ್ರದ ಮುಂದೆ ಗದ್ದ ಊರಿ, ಹಣೆಯನ್ನು ಪಟ್ಟಿಗೆ ಒತ್ತಿದರು. ಆಚೆ ಬದಿಯಲ್ಲಿ ಹೊಸ ಕೋಟು ತೊಟ್ಟ ನಾದಿನಿ.

"ಹಸಿರು ಚುಕ್ಕೆ ನೋಡಿ. ರೆಪ್ಪೆ ಹೊಡೀಬೇಡಿ." ಫಳ್ ಎಂದಿತು ಬೆಳಕು, ಬಲಗಣ್ಣಿಗೆ. "ಆಯ್ತು. ಈಗ ಇನ್ನೊಂದು ಕಣ್ಣು" ಎಂದು ಆಚೆ ಬೆಂಚಿಗೆ ಕೇಳುವ ಹಾಗೆ ಕೂಗಿದಳು. ಯಂತ್ರ ಇದ್ದಲ್ಲಿಯೇ ಇತ್ತು. ಫಳ್! ಮತ್ತೆ ಬಲಗಣ್ಣಿಗೆ.

ಮಾಸ್ಟ್ರಿಗೆ ಯುದ್ಧ ಗೆದ್ದಷ್ಟು ಖುಷಿ. "ನೀನು ಬಂಗಾರದಂಥ ಹುಡುಗಿ ಕಣೇ" ಎಂದು ಪಿಸುಗುಟ್ಟಿದರು. ಬಂಗಾರದಂಥ ಹುಡುಗಿ ಬಾಗಿಲ ಕಡೆ ಕೈ ತೋರಿಸಿದಳು.

ಡಾಕ್ಟರಮ್ಮನ ಕೋಣೆಯಲ್ಲಿ ಗಂಡಹೆಂಡತಿ ಪಕ್ಕಪಕ್ಕದಲ್ಲಿ ಕೂತರು, ನಾದಿನಿ ಬಾಗಿಲಿಗೆ ಒರಗಿ ನಿಂತಳು. ಡಾಕ್ಟರಮ್ಮ ಕಂಪ್ಯೂಟರಿನ ಪರದೆಯನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು.

"ಮಾಸ್ಟ್ರೇ, ನಿಮ್ಮ ಎಡಗಣ್ಣು ಎಲ್ಲಿ ಹೋಯ್ತು?"

"ಇಲ್ಲೇ ಇದೆಯಲ್ಲ ಡಾಕ್ಟ್ರೇ" ಎಂದು ಮಾಸ್ಟ್ರು ಮುಟ್ಟಿ ತೋರಿಸಿದರು.

"ಮುಖದಲ್ಲಿ ಇದೆ. ಫೋಟೋದಲ್ಲಿ ಇಲ್ಲ. ನಿಮಗೆ ಎರಡೂ ಬಲಗಣ್ಣು ಅಂತಿದೆ ಇದು."

ಪರದೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಎರಡೂ ಚಿತ್ರ ಬಲಗಣ್ಣಿನವು. ಎಡಗಣ್ಣಿನ ಚಿತ್ರ ಸಿಕ್ಕಿಲ್ಲ. ದಯವಿಟ್ಟು ಮತ್ತೆ ತೆಗೆಯಿರಿ. ಮಾಸ್ಟ್ರ ಮುಖ ಹುಳ್ಳಗಾಯಿತು.

"ನಿಮ್ಮ ಮೆಷೀನು ಕೆಟ್ಟಿರಬೇಕು."

"ಅದೂ ಒಮ್ಮೊಮ್ಮೆ ತಪ್ಪುತ್ತೆ. ಅದಕ್ಕೇ ನಾನೂ ನೋಡ್ತೀನಿ" ಎಂದು ಡಾಕ್ಟರಮ್ಮ ಪರದೆ ತಿರುಗಿಸಿದರು. "ಇಲ್ಲಿ ಹೊಳೀತಿದೆಯಲ್ಲ ಬಿಳಿ ಬಿಲ್ಲೆ, ಮಿದುಳಿಗೆ ಹೋಗೋ ನರ ಶುರುವಾಗೋ ಜಾಗ. ಅದು ಯಾವಾಗಲೂ ಮೂಗಿನ ಕಡೆಗೇ ಇರುತ್ತೆ. ಬಲಗಣ್ಣಿನ ಫೋಟೋದಲ್ಲಿ ಬಲಕ್ಕೆ, ಎಡಗಣ್ಣಿನದರಲ್ಲಿ ಎಡಕ್ಕೆ. ನಿಮ್ಮ ಎರಡರಲ್ಲೂ ಬಲಕ್ಕೇ ಇದೆ."

"ಅಂಗಿಗೆ ಎರಡೂ ಬಲತೋಳು ಹಚ್ಚಿದ ಹಾಗೆ" ಎಂದರು ಹೆಂಡತಿ, ಮೊದಲ ಸಲ ಬಾಯಿ ತೆರೆದು.

ಅಷ್ಟು ಸಾಕಾಯಿತು. ಎರಡು ಬಲತೋಳು ಹಚ್ಚಿದ ಅಂಗಿಯನ್ನು ಬೀದಿಯ ಆ ತುದಿಯಿಂದಲೇ ಗುರುತು ಹಿಡಿಯಬಲ್ಲ ಮನುಷ್ಯ ಅಲ್ಲಿ ಬೆಪ್ಪನ ಹಾಗೆ ಕೂತಿದ್ದರು. ಬಾಗಿಲ ಕಡೆ ತಿರುಗಿ ಗುರಾಯಿಸಿದರು.

"ನಿನಗೆ ಗೊತ್ತಿತ್ತು!"

"ಗೊತ್ತಿತ್ತು ಭಾವ. ಕೊಟ್ಟ ಮಾತಿಗೆ ತಪ್ಪಿಲ್ಲ, ಎರಡು ಸಲಾನೂ ಬಲಗಣ್ಣೇ ತೆಗ್ದೆ. ಆಗಲ್ಲ ಅಂದಿದ್ರೆ ನೀವು ಈ ಕಡೆ ತಲೆ ಹಾಕ್ತಿದ್ರಾ?"

ಮಾಸ್ಟ್ರು ಹೆಂಡತಿಯ ಬೈಗುಳಕ್ಕೆ ತಲೆಬಗ್ಗಿಸಿ ಸಿದ್ಧರಾದರು. ಬೈದಿದ್ದರೆ ಎಷ್ಟೋ ನೆಮ್ಮದಿ ಇರುತ್ತಿತ್ತು. ಹೆಂಡತಿ ಬೈಯಲಿಲ್ಲ.

"ಎಷ್ಟು ದಿನದಿಂದ ರೀ?"

"ಎಂಟು ತಿಂಗಳು."

"ಎಂಟು ತಿಂಗಳು ನನ್ನ ಮುಖ ಸರಿಯಾಗಿ ಕಾಣ್ತಿರಲಿಲ್ವಾ ನಿಮಗೆ?"

"ಬಲಗಣ್ಣಲ್ಲಿ ಕಾಣ್ತಿತ್ತು ಕಣೇ" ಎಂದರು ಮಾಸ್ಟ್ರು. ಹೆಂಡತಿಯ ಕಣ್ಣು ತುಂಬಿದ್ದು ಆ ಮಂಜಿನಲ್ಲೂ ಕಂಡಿತು.

ಎಡಗಣ್ಣಿನ ಫೋಟೋ ತೆಗೆದರು. ಈ ಸಲ ಅತ್ತೆಮ್ಮ ಅರ್ಧ ನಿಮಿಷವೂ ತೆಗೆದುಕೊಳ್ಳಲಿಲ್ಲ. ಚಿತ್ರದ ನಟ್ಟನಡುವೆ ಕೆಂಪು ಬಣ್ಣ ಬಳಿದು, ಇಲ್ಲಿ ನೋಡಿ ಎಂದಿತು. ಆಮೇಲೆ ಇನ್ನೊಂದು ಯಂತ್ರದಲ್ಲಿ ಕೂರಿಸಿ ಕಣ್ಣಿನ ಹಿಂದಿನ ಪರದೆಯನ್ನು ಅಡ್ಡ ಸೀಳಿದ ಹಾಗೆ ಕಾಣುವ ಸ್ಕ್ಯಾನ್ ಮಾಡಿದರು. ಒಂದರ ಮೇಲೊಂದು ಪದರ. ಡಾಕ್ಟರಮ್ಮ ವಿವರಿಸಲು ಬಾಯಿ ತೆರೆಯುವ ಮೊದಲೇ, ಮುಖವನ್ನು ಕಂಪ್ಯೂಟರಿನಿಂದ ಹಿಂದಕ್ಕೆ ಸರಿಸಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ ಮಾಸ್ಟ್ರು ಎಂದರು:

"ಇದು ಒಳಗಿನ ಅಸ್ತರು ಉಬ್ಬಿದ್ದು. ಕೋಟಿನ ಮೇಲೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಒತ್ತಿದ್ರೆ ನೀರು ಒಳಗೆ ಸೇರಿ ಹೀಗೇ ಉಬ್ಬುತ್ತೆ. ಒಣಗದೆ ಹಾಗೇ ಬಿಟ್ರೆ ಬಟ್ಟೆ ಕೆಟ್ಟುಹೋಗುತ್ತೆ."

"ಸರಿಯಾಗಿ ಹೇಳಿದ್ರಿ. ನೀರು ಸೇರಿದೆ. ಇನ್ನೊಂದಾರು ತಿಂಗಳು ಬಿಟ್ಟಿದ್ರೆ ನಾನೂ ಕೈ ಎತ್ತಬೇಕಾಗ್ತಿತ್ತು. ಈಗ ಒಣಗಿಸಬಹುದು. ನಾಳೆ ಬೆಳಿಗ್ಗೆ ಬನ್ನಿ, ಮೊದಲನೇ ಇಂಜೆಕ್ಷನ್ ಕೊಡ್ತೀನಿ."

"ನಾಳೆ" ಎಂದು ಮಾಸ್ಟ್ರು ಥಟ್ಟನೆ ಎದ್ದು ನಿಂತರು.

"ಡಾಕ್ಟ್ರೇ, ಈ ಮನುಷ್ಯನಿಗೆ ಆ ಮಾತು ಹೇಳ್ಬೇಡಿ" ಎಂದು ಹೆಂಡತಿ ತೋಳು ಹಿಡಿದು ಕೂರಿಸಿದರು. "ಇವತ್ತೇ ಆಗಲಿ."

ಆಗ ಬಂತು ನೋಡಿ ಹೊರಗೆ, ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಗುಟ್ಟು. ಮಾಸ್ಟ್ರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಕೇಳಿದರು. "ಅದಕ್ಕಿಂತ ಸಣ್ಣ ನಂಬರು ಇಲ್ವಾ ಡಾಕ್ಟ್ರೇ? ಹನ್ನೊಂದೋ, ಹದಿನಾಲ್ಕೋ? ಟಾರ್ಪಾಲಿಗೇ ಇಪ್ಪತ್ತೊಂದು ಸಾಕು. ಕಣ್ಣಿಗೆ ಯಾಕೆ ಮೂವತ್ತು?"

ಡಾಕ್ಟರಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಹೆಂಡತಿಗೆ ತಿಳಿಯಿತು. ಕೈಯಿಂದ ಬಾಯಿ ಮುಚ್ಚಿಕೊಂಡರು, ಅಳುತ್ತಿದ್ದವರಿಗೆ ನಗು ತಡೆಯಲಾಗಲಿಲ್ಲ. ನಾದಿನಿ ಟ್ರೇಯಿಂದ ಕಾಗದದ ಪೊಟ್ಟಣ ತಂದು, ಹರಿಯದೆ ಮಾಸ್ಟ್ರ ಬಲಗಣ್ಣಿನ ಮುಂದೆ ಹಿಡಿದಳು. ಪಾರದರ್ಶಕ ಹಾಳೆಯ ಒಳಗೆ ಸೂಜಿಯೇ ಇಲ್ಲವೇನೋ ಎನ್ನಿಸುವಷ್ಟು ಸಣ್ಣ ಸೂಜಿ.

"ಡಾಕ್ಟ್ರ ಸೂಜಿ ನಿಮ್ಮದಕ್ಕೆ ತಿರುಗಾಮುರುಗಾ ಭಾವ. ನಂಬರು ಜಾಸ್ತಿ ಆದಷ್ಟೂ ತೆಳ್ಳಗೆ. ನೀವು ಕೇಳಿದ ಹನ್ನೊಂದನೇ ನಂಬರ್ ತಂದ್ರೆ ಆನೆಗೂ ಬೇಡ ಅನ್ಸುತ್ತೆ."

"ಇಷ್ಟೇನಾ?" ಎಂದರು ಮಾಸ್ಟ್ರು. ರೇಷ್ಮೆಗೂ ಇಷ್ಟು ತೆಳು ಸೂಜಿ ಅವರ ಡಬ್ಬಿಯಲ್ಲಿ ಇರಲಿಲ್ಲ. ಇಷ್ಟಕ್ಕೆ ಹೆದರಿ ಒಂದು ವರ್ಷ ರಸ್ತೆ ದಾಟಿ ಓಡಾಡಿದೆನಲ್ಲ ಎಂದು ತಮ್ಮ ಮೇಲೆ ತಮಗೇ ಸಿಟ್ಟು ಬಂತು.

ಮರಗಟ್ಟಿಸುವ ಹನಿ ಬಿಟ್ಟು, ಆಮೇಲೆ ಚುಚ್ಚಿದರು. ಒಂದು ಸಣ್ಣ ಒತ್ತು, ಅಷ್ಟೇ. ಚುಚ್ಚುವ ಕೋಣೆಗೆ ಹೋಗುವಾಗ ಅವರು ಹಿಂಡಿ ಹಿಡಿದಿದ್ದ ಹೆಂಡತಿಯ ಬೆರಳುಗಳು ಮಾತ್ರ ಎರಡು ದಿನ ನೋಯುತ್ತಿದ್ದವು.

ಅಲ್ಲಿಂದ ತಿಂಗಳಿಗೊಮ್ಮೆ ಓಡಾಟ. ಪ್ರತಿ ಸಲದ ಸ್ಕ್ಯಾನನ್ನೂ ಹಿಂದಿನದರ ಪಕ್ಕದಲ್ಲಿಟ್ಟು ಅತ್ತೆಮ್ಮ ಅಳೆಯುತ್ತಿತ್ತು. ನೀರು ಇಷ್ಟು ಇಳಿದಿದೆ, ಇನ್ನೊಂದು ಚುಚ್ಚು ಬೇಕು, ಈ ತಿಂಗಳು ಕಾಯಬಹುದು ಎನ್ನುತ್ತಿತ್ತು. ಡಾಕ್ಟರಮ್ಮ ಒಪ್ಪಿದರೆ ಹಾಗೆ, ಒಪ್ಪದಿದ್ದರೆ ಬೇರೆ. ನಾಲ್ಕು ಚುಚ್ಚಿನ ಹೊತ್ತಿಗೆ ಬಾಗಿಲ ಚೌಕಟ್ಟಿನ ಗುದ್ದು ಮುಚ್ಚಿತು. ಗೆರೆ ಪೂರ್ತಿ ನೆಟ್ಟಗಾಗಲಿಲ್ಲ, ಒಂದು ಕಡೆ ಕೂದಲೆಳೆಯಷ್ಟು ಸೊಟ್ಟ ಉಳಿಯಿತು. ಅದು ಉಳಿದೇ ಉಳಿಯುತ್ತದೆ ಎಂದರು ಡಾಕ್ಟರಮ್ಮ. ಮಾಸ್ಟ್ರು ಈಗ ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ಗೆರೆ ನೋಡುವುದನ್ನು ಕಲಿತರು, ಅರವತ್ತರ ಹತ್ತಿರದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರ ಹಾಗೆ. ಹೆಂಡತಿಯ ಮೂಗು ತನ್ನ ಜಾಗಕ್ಕೆ ಬಂದು ಕೂತಿತ್ತು. ಒಂದು ದಿನ ಕಾಜಾ ಹಾಕುತ್ತಿದ್ದವರನ್ನು ಬಹಳ ಹೊತ್ತು ನೋಡಿದರು. ಏನ್ರೀ ಅದು ಎಂದು ಹೆಂಡತಿ ಗದರಿಸಿದರು.

ಐದನೆಯ ತಿಂಗಳು ಮಾಸ್ಟ್ರು ಕತ್ತಲೆ ಕೋಣೆಗೆ ಹೋಗುವ ಮುನ್ನ, ಹನಿ ಬಿಡುವ ಮೊದಲು, ಕಾರಿಡಾರಿನ ಬೆಳಕಿನಲ್ಲಿ ನಾದಿನಿ ಎದುರಾದಳು. ಮಾಸ್ಟ್ರ ಕಣ್ಣು ಕೋಟಿನ ಮೇಲೆ ಬಿತ್ತು. ಆ ಕೋಟನ್ನು ಅವರು ಸರಿಯಾಗಿ ನೋಡಿದ್ದು ಅವತ್ತೇ ಮೊದಲು.

ಗುಂಡಿಗಳ ಸಾಲು ಕತ್ತಿನಿಂದ ಹೊರಟು, ನಡುವೆ ಪಕ್ಕಕ್ಕೆ ಹೊಟ್ಟೆ ಬಿಟ್ಟು, ಮತ್ತೆ ಒಳಗೆ ಬಂದಿತ್ತು. ಎಡಜೇಬು ಬಲಜೇಬಿಗಿಂತ ಒಂದು ಬೆರಳು ಮೇಲೆ. ಮಾಸ್ಟ್ರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಅಯ್ಯೋ, ಇದನ್ನ ಹಾಕ್ಕೊಂಡು ಐದು ತಿಂಗಳು ಎಲ್ಲರ ಮುಂದೆ ಓಡಾಡಿದ್ದೀಯೇನೇ?"

"ಹೂಂ. ನನಗೆ ಇದು ಬಹಳ ಉಪಯೋಗ ಭಾವ. ನನ್ನ ಗುಂಡಿ ಸಾಲು ಹೇಗಿದೆ ಅಂತ ಬಂದವರನ್ನ ಕೇಳ್ತೀನಿ. ನೆಟ್ಟಗಿದೆ ಅಂದವರನ್ನ ಮೊದಲು ಒಳಗೆ ಕಳಿಸ್ತೀನಿ."

"ತಮಾಷೆ ಸಾಕು. ಅವತ್ತು ಕನ್ನಡಿ ಮುಂದೆ ನಿಂತಾಗಲೇ ಬೈಬಾರದಿತ್ತಾ?"

ನಾದಿನಿ ಗುಂಡಿಯೊಂದನ್ನು ಬೆರಳಲ್ಲಿ ತಿರುಗಿಸಿದಳು. "ಬೈಯೋಕೆ ಅಂತಾನೇ ಬಂದಿದ್ದೆ. ಇದನ್ನ ನೋಡಿದ ಮೇಲೆ ಬಾಯಿ ಬರಲಿಲ್ಲ. ನಿಮ್ಮಂಥವರ ಕೈಯಲ್ಲಿ ಹೀಗೆ ಹೊಲಿಗೆ ಬಂದಿದೆ ಅಂದ್ರೆ ಕಣ್ಣು ಎಷ್ಟು ಹೋಗಿರಬೇಕು ಅಂತ ಭಯ ಆಯ್ತು. ಮನೆಗೆ ಹೋಗಿ ಅತ್ತುಬಿಟ್ಟೆ. ಅತ್ತೆಮ್ಮನಿಗಿಂತ ಒಂದು ದಿನ ಮೊದಲೇ ಗೊತ್ತಾಗಿತ್ತು ನನಗೆ."

ಮಾಸ್ಟ್ರು ಒಂದು ಹೆಜ್ಜೆ ಮುಂದೆ ಬಂದರು. ಕೈಚಾಚಿ ಕೋಟಿನ ಅಂಚು ಹಿಡಿದುಕೊಂಡರು. ಇನ್ನೊಂದು ಕೈಯಿಂದ ಮೂಗು ಒರೆಸಿಕೊಂಡರು.

"ಬಿಚ್ಚು ಇದನ್ನ. ಅರ್ಧ ಗಂಟೆ ಕೆಲಸ. ಗುಂಡಿ ಕಿತ್ತು, ಪಟ್ಟಿ ಬದಲಾಯಿಸಿ, ಜೇಬು ಇಳಿಸಿ, ಇವತ್ತೇ ಸಂಜೆ ತಂದುಕೊಡ್ತೀನಿ. ನನ್ನಾಣೆ."

ನಾದಿನಿ ಅಂಚನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. ಮೇಲಿನಿಂದ ಕೆಳಗಿನವರೆಗೆ ಸೊಟ್ಟ ಗುಂಡಿಗಳನ್ನೆಲ್ಲ ಒಂದೊಂದಾಗಿ ಹಾಕಿಕೊಂಡು, ಕತ್ತಲೆ ಕೋಣೆಯ ಬಾಗಿಲು ತೆರೆದು ಹಿಡಿದಳು.

"ನಾಳೆ ಕೊಡ್ತೀನಿ ಭಾವ."